ಅಕ್ಕನ ಬೆಳ್ಳಿ ಕರಡಿಗೆ

ಮೊನ್ನೆ ಮೂಡಲಗಿಯ ಪೇಟೆಯಲ್ಲಿ ಬೆಳ್ಳಿ ಬಂಗಾರದ ಕೆಲಸದ ಪತ್ತಾರನ ಅಂಗಡಿ ದಾಟುವಾಗ ಇದ್ದಿಲು, ಸುಟ್ಟ ಬಿಳಿಗಾರ ಎರಡೂ ಕೂಡಿದ ವಾಸನೆ ಮೂಗಿಗೆ ಬಡಿಯಿತು. ಅಲ್ಲೇ ನಿಂತೆ. ನಮ್ಮ ಬಾಜೂಮನೆಯ ಅಕ್ಕ ನೆನಪಾದಳು. ಆಕೆಯನ್ನು ನೆನೆದರೆ ಇವತ್ತಿಗೂ ಹೊಟ್ಟೆಯಲ್ಲಿ ಕಿಚ್ಚು ಏಳುತ್ತದೆ, ಸುಳ್ಳು ಯಾಕೆ ಹೇಳಲಿ?

ಆಗ ಎರಡನೆಯ ಮಹಾಯುದ್ಧ ನಡೆದಿತ್ತು. ರಾಣಿಯ ಮುಖವಿದ್ದ ಹಳೆಯ ಬೆಳ್ಳಿ ರೂಪಾಯಿ ಇನ್ನು ನಡೆಯುವುದಿಲ್ಲ, ಗಡುವಿನೊಳಗೆ ಕೊಟ್ಟು ನೋಟು ಒಯ್ಯಿರಿ ಎಂದು ಊರಲ್ಲಿ ಡಂಗುರ ಸಾರಿದರು. ನಮ್ಮ ಮನೆಯವರು ಎದ್ದೆನೋ ಬಿದ್ದೆನೋ ಎಂದು ಓಡಿದರು. ತವರಿನವರು ನನಗೆ ಕೊಟ್ಟಿದ್ದ ರೂಪಾಯಿಗಳೆಲ್ಲ ಕಾಗದವಾಗಿ ಮನೆಗೆ ಬಂದವು. ಗರಿಗರಿ ನೋಟು ನೋಡಿ ನಾನೂ ಹಿಗ್ಗಿದೆ. ಅಕ್ಕ ಮಾತ್ರ ತನ್ನ ರೂಪಾಯಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಪತ್ತಾರನಲ್ಲಿಗೆ ಹೋಗಿ, ಕರಗಿಸಿ, ಕೊರಳಿನ ಲಿಂಗ ಇಡಲು ದೊಡ್ಡದೊಂದು ಕರಡಿಗೆ ಮಾಡಿಸಿಕೊಂಡು ಬಂದಳು.

“ಅಕ್ಕಾರ, ರೊಕ್ಕಾ ಯಾರರ ಬೆಂಕ್ಯಾಗ ಹಾಕ್ತಾರೇನ್ರಿ?” ಎಂದು ನಕ್ಕೆ.

“ಹಾಳಿ ಹರೀತೈತಿ ತಂಗಿ. ಇದು ಹರಿಯಂಗಿಲ್ಲ,” ಎಂದಳು.

ಆಮೇಲೆ ಧಾರಣೆ ಏರಿದ್ದೇ ಏರಿದ್ದು. ಸೀರೆ ಬರುತ್ತಿದ್ದ ನೋಟಿಗೆ ಕುಪ್ಪಸದ ಖಣ ಬರುವುದೂ ಕಷ್ಟವಾಯಿತು. ಬೆಳ್ಳಿಯಂತೂ ಮುಟ್ಟಲಾಗದಷ್ಟು ತುಟ್ಟಿ. ಅದೇ ಹೊತ್ತಿಗೆ ನನಗೆ ಮಗಳು ಹುಟ್ಟಿದಳು. ನಮ್ಮ ಮನೆತನದಲ್ಲಿ ಚೊಚ್ಚಿಲ ಕೂಸಿನ ಲಿಂಗಕ್ಕೆ ಬೆಳ್ಳಿ ಕರಡಿಗೆ ಆಗಲೇಬೇಕು. ನಮ್ಮ ನೋಟು ನೋಡಿ ಪತ್ತಾರ ತಲೆ ಅಲ್ಲಾಡಿಸಿದ. ಕೊನೆಗೆ ಲಿಂಗವನ್ನು ಅರಿವೆಯಲ್ಲಿ ಸುತ್ತಿ ಕೂಸಿನ ಕೊರಳಿಗೆ ಕಟ್ಟಿದೆ. ಅತ್ತ ಮಕ್ಕಳಿಲ್ಲದ ಅಕ್ಕ ಥಳಥಳ ಹೊಳೆಯುವ ಕರಡಿಗೆ ತೊಟ್ಟು, ತನ್ನ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತಿರುತ್ತಿದ್ದಳು. ಬೇಕಂತಲೇ ಬಿಸಿಲಿಗೆ ಕೂರುತ್ತಾಳೆ ಎಂದು ನನ್ನ ಹೊಟ್ಟೆ ಉರಿಯುತ್ತಿತ್ತು...

ಒಂದು ದಿನ ಬಂದವಳೇ ಮಗಳ ಕೊರಳಿಗೆ ಪುಟ್ಟ ಬೆಳ್ಳಿ ಕರಡಿಗೆ, ಕಾಲಿಗೆ ಬೆಳ್ಳಿ ಕಡಗ ಹಾಕಿದಳು. ನೋಡಿದರೆ ಆಕೆಯ ಕೊರಳಲ್ಲಿ ಅರಿವೆಯ ಗಂಟು! ತನ್ನದನ್ನು ಮುರಿಸಿ ಮಾಡಿಸಿದ್ದಳು.

“ನಿಮಗ ಬ್ಯಾಡೇನ್ರಿ ಅಕ್ಕಾರ?”

“ನನಗ ಅರಿವಿ ಸಾಕವ್ವಾ. ಕೂಸು ಚಂದ ಕಾಣಬೇಕು.”

ಬೆಳ್ಳಿಯ ಕಿಚ್ಚು ಆರಿತು, ಇನ್ನೊಂದು ಹೊತ್ತಿಕೊಂಡಿತು. ಮಗಳು ಅಂಬೆಗಾಲಿಟ್ಟಿದ್ದೇ ಆಕೆಯ ಹೊಸ್ತಿಲ ಕಡೆಗೆ. ಉಣ್ಣುವುದು ಅಲ್ಲಿ, ಮಲಗುವುದು ಅಲ್ಲಿ. ಹೆತ್ತವಳು ನಾನು, ‘ಅವ್ವಾ’ ಎಂದು ಮೊದಲು ಕರೆದದ್ದು ಆಕೆಯನ್ನು! ಬೈದೆ, ಬಾಗಿಲು ಹಾಕಿ ಕೂರಿಸಿದೆ. ಹುಡುಗಿ ಬಾಗಿಲ ಸಂದಿಗೆ ಬಾಯಿ ಇಟ್ಟು ಆಕೆಯನ್ನೇ ಕೂಗಿದಳು. ನನ್ನ ಪಾಲಿಗೆ ಉಳಿದದ್ದು ಬರೀ ಕರಡಿಗೆ ತಿಕ್ಕುವ ಕೆಲಸ...

ಹೋದ ಶ್ರಾವಣದಲ್ಲಿ ಅಕ್ಕ ಲಿಂಗೈಕ್ಯಳಾದಳು. ಗಂಡನ ಊರು ಕೌಜಲಗಿಯಿಂದ ಮಗಳು ಬಂದಳು. ನನ್ನ ಮನೆ ಮುಂದೆಯೇ ಹಾದು, ತಿರುಗಿಯೂ ನೋಡದೆ ಆಕೆಯ ಬಾಗಿಲಲ್ಲಿ ಬಿದ್ದು ಅತ್ತಳು. ಮಣ್ಣು ಕೊಟ್ಟು ಬಂದ ಮೇಲೆ ಕೇಳಿಯೇಬಿಟ್ಟೆ.

“ನಾ ಸತ್ತಾಗೂ ಹಿಂಗ ಅಳತೀಯೇನ?”

“ನೀ ಇನ್ನೂ ಅದೀಯಲ್ಲಬೇ,” ಎಂದಳು.

ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಈಗ ಬಾಜೂಮನೆಗೆ ಕೀಲಿ ಬಿದ್ದಿದೆ. ಮಗಳು ಸೀದಾ ನನ್ನ ಮನೆಗೇ ಬರುತ್ತಾಳೆ. ಒಂದು ದಿನ ಇದ್ದು ಹೊರಟು ನಿಲ್ಲುತ್ತಾಳೆ. ಅಕ್ಕ ಇದ್ದಾಗ ನಾಲ್ಕು ದಿನವಾದರೂ ಇರುತ್ತಿದ್ದಳು.