ಹಾಲಿನ ಕ್ರೇಟಿನ ಮೇಲೊಂದು ಏಳು

ನನ್ನ ಪುಸ್ತಕಗಳಲ್ಲಿ ಕೆಲವು ಕಪಾಟಿನಲ್ಲಿದ್ದವು, ಕೆಲವು ಒಯ್ದವರ ಮನೆಗಳಲ್ಲಿದ್ದವು, ಉಳಿದವು ಒಂದು ನೀಲಿ ಹಾಲಿನ ಕ್ರೇಟಿನಲ್ಲಿದ್ದವು. ಡೇರಿಯಿಂದ ಹಾಲಿನ ಪ್ಯಾಕೆಟ್ ಹೊತ್ತು ಬಂದು ಮರಳಿ ಡೇರಿಗೇ ಹೋಗಬೇಕಾದ ಪ್ಲಾಸ್ಟಿಕ್ ಬುಟ್ಟಿ ಅದು. 'ಹಿಂತಿರುಗಿಸಿ' ಎಂದು ಹಣೆಯ ಮೇಲೇ ಅಚ್ಚಾಗಿದೆ. ನಮ್ಮ ಕಡೆ ಆ ಮಾತನ್ನು ಯಾರೂ ಮನಸ್ಸಿಗೆ ಹಚ್ಚಿಕೊಂಡಂತಿಲ್ಲ. ಬಾಗಲಕೋಟೆಯಲ್ಲಿ ಅದರೊಳಗೆ ಉಳ್ಳಾಗಡ್ಡಿ ಕೂತದ್ದನ್ನು, ಬಾದಾಮಿಯಲ್ಲಿ ಕೋಳಿ ಕಾವಿಗೆ ಕೂತದ್ದನ್ನು, ಹುನಗುಂದದ ಬಸ್ ನಿಲ್ದಾಣದಲ್ಲಿ ಹಿರಿಯರೊಬ್ಬರು ಅದರ ಮೇಲೆ ಕೂತು ದೇಶದ ರಾಜಕಾರಣ ತಿದ್ದುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಕಂಡಿದ್ದೇನೆ ಎಂದು ಬರೆದುಬಿಟ್ಟೆ; ನನ್ನ ನೆನಪನ್ನು ಎಷ್ಟು ನಂಬಬೇಕೆಂದು ನೀವು ಪೂರ್ತಿ ಓದಿ ತೀರ್ಮಾನಿಸಿ.

ಕ್ರೇಟು ನನಗೆ ಬಂದದ್ದು ಇಳಕಲ್ಲಿನ ವಿರುಪಣ್ಣ ಮಾಮಾನಿಂದ. ತಾಯಿಯ ತಮ್ಮ, ವೃತ್ತಿಯಿಂದ ನೇಕಾರ, ಬೇಸಿಗೆಯಲ್ಲಿ ಐಸ್‌ಕ್ರೀಮಿನವನು. ತೊಂಬತ್ತರ ದಶಕದ ಕೊನೆಗೆ ಕಂಪನಿಗಳ ಗಾಜಿನ ಮುಚ್ಚಳದ ಪೆಟ್ಟಿಗೆಗಳು ನಮ್ಮ ಊರುಗಳಿಗೆ ಇನ್ನೂ ಅಂಜುತ್ತ ಬರುತ್ತಿದ್ದವು. ಅಲ್ಲಿಯವರೆಗೆ ಐಸ್‌ಕ್ರೀಮ್ ಎಂದರೆ ಕಟ್ಟಿಗೆಯ ಬಕೆಟ್ಟು, ಅದರೊಳಗೆ ತಗಡಿನ ಡಬ್ಬಿ, ಎರಡರ ನಡುವೆ ಒಡೆದ ಬರ್ಫ ಮತ್ತು ಹರಳುಪ್ಪು, ಡಬ್ಬಿ ತಿರುಗಿಸಲು ಒಂದು ಹಿಡಿಕೆ, ಹಿಡಿಕೆ ತಿರುಗಿಸಲು ಒಬ್ಬ ತಾಳ್ಮೆಯ ಮನುಷ್ಯ. ಬರ್ಫವು ಕಟ್ಟಿಗೆ ಹೊಟ್ಟು ಮೆತ್ತಿಕೊಂಡು, ಗೋಣಿ ಹೊದ್ದು, ಬಾಗಲಕೋಟೆಯಿಂದ ಬಸ್ಸಿನ ನೆತ್ತಿಯ ಮೇಲೆ ಬರುತ್ತಿತ್ತು. ಬರುವಷ್ಟರಲ್ಲಿ ಅರ್ಧ ರಸ್ತೆಗೆ ನೀರು ಹೊಡೆದಿರುತ್ತಿತ್ತು. ಎಮ್ಮೆಯ ಹಾಲನ್ನು ಕಾಯಿಸಿ ದಪ್ಪ ಮಾಡಿ, ಕೆನೆ, ಯಾಲಕ್ಕಿ ಬೆರೆಸಿ, ಕೊನೆಗೆ ಅಮೀನಗಡದ ಕರದಂಟನ್ನು ಪುಡಿಮಾಡಿ ಉದುರಿಸುವುದು ಮಾಮಾನ ಸ್ವಂತ ಶೋಧ.

ಇನ್ನು ನಾನು ಹತ್ತು ವರ್ಷ ಕೂಟಕೂಟದಲ್ಲಿ ಹೇಳಿಕೊಂಡು ಬಂದ ಕತೆ. ಮಾಮಾನ ಮಗಳು ಸಾವಿತ್ರಿಯ ನಿಶ್ಚಿತಾರ್ಥ. ಗಂಡಿನ ಕಡೆಯವರು ಗುಳೇದಗುಡ್ಡದ ಖಣದ ನೇಕಾರರು, ಭರ್ತಿ ಒಂದು ಟೆಂಪೋ ಮಂದಿ. "ನನ್ನ ಮಗಳ ನಿಶ್ಚಯಕ್ಕ ಕಂಪನಿ ಐಸ್‌ಕ್ರೀಮ್ ತರಿಸಿದ್ರ, ನನ್ನ ಕೈ ಎದಕ್ಕ ಅದಾವು?" ಎಂದ ಮಾಮಾ. ಕೈಯಿಂದ ತಿರುಗಿಸಿದರೆ ಸಂಜೆಯಾದೀತೆಂದು ಹಿತ್ತಲ ಕೋಣೆಯ ಪವರ್‌ಲೂಮಿನ ಮೋಟಾರಿಗೆ ಬೆಲ್ಟು ಹಾಕಿ ಡಬ್ಬಿಗೆ ಜೋಡಿಸಿದ. ಸ್ವಿಚ್ಚು ಒತ್ತಿದ್ದೇ ತಡ, ಡಬ್ಬಿ ದೆವ್ವ ಬಡಿದಂತೆ ಸುತ್ತಿ, ಹಾಲು ಗಟ್ಟಿಯಾಗುವ ಮೊದಲೇ ಕೆನೆಯೆಲ್ಲ ಬೆಣ್ಣೆಯಾಗಿ ತೇಲಿತು. ಪಂಕ್ತಿ ಕೂತಾಗಿತ್ತು. ಗಂಗವ್ವ ಅತ್ತೆ ಆ ಯಾಲಕ್ಕಿ ಬೆಣ್ಣೆಯನ್ನೇ ಬಳಿದು ಬಿಸಿ ರೊಟ್ಟಿಯ ಮೇಲೆ ಹಾಕಿದಳು. ಬೀಗರು ಎರಡೆರಡು ರೊಟ್ಟಿ ಹೆಚ್ಚು ತಿಂದರು, 'ಬೆಣ್ಣಿ ವಿರುಪಣ್ಣ' ಎಂದು ಹೆಸರಿಟ್ಟು ಹೋದರು. ಮುಂದಿನ ಬೇಸಿಗೆಗೆ ಮಾಮಾ ಬಕೆಟ್ಟನ್ನು ಅಟ್ಟದಿಂದ ಇಳಿಸಲಿಲ್ಲ. ಹಿಡಿಕೆ ತಿರುಗಿಸುವಾಗ ತಾನು ಕೂರುತ್ತಿದ್ದ ಕ್ರೇಟನ್ನು, ಪುಸ್ತಕ ಇಟ್ಟುಕೋ ಎಂದು ನನಗೆ ಕೊಟ್ಟ.

ಸಾವಿತ್ರಿಯ ಮಗನ ಜವಳದ ದಿನ ಇದೇ ಕತೆಯನ್ನು, ಮೋಟಾರಿನ ಸದ್ದು ಬಾಯಿಂದ ಮಾಡಿ ತೋರಿಸುತ್ತ, ಬೀಗರೆದುರು ಹೇಳಿ ನಗಿಸಿದೆ. ಮಾಮಾ ಎಲೆಯಡಿಕೆಯ ಚೀಲದಲ್ಲಿ ಏನನ್ನೋ ಹುಡುಕುತ್ತಿದ್ದ. ಅತ್ತೆ ನನ್ನನ್ನು ಅಡುಗೆಮನೆಗೆ ಕರೆದಳು.

"ಇನ್ನ ಎಷ್ಟ ವರ್ಷ ಅವರ ಮಾನಾ ಕಳೀತಿ? ಮೋಟಾರ್ ಹಚ್ಚೂ ಶಾಣ್ಯಾತನ ನಿಂದು."

"ನಂದಾ?"

"ಮತ್ತ ನಮ್ಮ ಎಮ್ಮೀದಾ? ಅವರು ಬ್ಯಾಡ ಬ್ಯಾಡ ಅಂದ್ರು. 'ಇದು ಫಿಜಿಕ್ಸ್ ಮಾಮಾ, ನಿನಗ ತಿಳಿಯಂಗಿಲ್ಲ' ಅಂದಿ."

ಆಗ ನಾನು ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದುದು ನಿಜ. ದೇವರನ್ನೂ ಸಾಕ್ಷ್ಯ ಕೇಳುತ್ತಿದ್ದ ವಯಸ್ಸು. ಆ ಚಾಳಿಯಲ್ಲೇ, ಪುರಾವೆ ಏನು ಎಂದೆ.

"ಪುರಾವಿ ನಿನ್ನ ಮನ್ಯಾಗ ಐತಿ. ಮೊಳಿ ತಗೊಂಡು ಕ್ರೇಟಿನ ಮ್ಯಾಲ ಲೆಕ್ಕಾ ಗೀಚಿದ್ದಿಯಲ್ಲ, ಹೋಗಿ ನೋಡು."

ಬಾಗಲಕೋಟೆಗೆ ಮರಳಿ, ಚಪ್ಪಲಿಯನ್ನೂ ಕಳಚದೆ ಪುಸ್ತಕ ತೆಗೆದು, ಇಷ್ಟು ವರ್ಷ ಗೋಡೆಗೆ ಮುಖ ಮಾಡಿದ್ದ ಬದಿಯನ್ನು ಬೆಳಕಿಗೆ ತಿರುಗಿಸಿದೆ. ಮೋಟಾರಿನ ಸುತ್ತು, ಬೆಲ್ಟಿನ ಗಾಲಿಯ ಅಳತೆ, ಕೊನೆಯಲ್ಲಿ ಒಂದು ಏಳು. ಅದರ ಹೊಟ್ಟೆಗೊಂದು ಅಡ್ಡಗೀಟು. ನಮ್ಮ ಬಳಗದಲ್ಲಿ ಏಳಕ್ಕೆ ಹೊಟ್ಟೆ ಕೊಯ್ಯುವ ಶೋಕಿ ಇದ್ದದ್ದು ಒಬ್ಬನಿಗೇ. ಭಾಗಿಸಬೇಕಾದಲ್ಲಿ ಆತ ಗುಣಿಸಿದ್ದ.

ಮಿತ್ರರೇ, ನಾನು ಸುಳ್ಳು ಹೇಳಿರಲಿಲ್ಲ. ಮಾಮಾ ಬೆಲ್ಟು ಹಾಕುವ ಚಿತ್ರ ಈಗಲೂ ಕಣ್ಣ ಮುಂದಿದೆ. ಆದರೆ ಒಂದು ನೆನಪನ್ನು ಹತ್ತು ವರ್ಷ, ಪ್ರತಿ ನಗೆಗೂ ಇನ್ನಷ್ಟು ಜೋರಾಗಿ ತಿರುಗಿಸಿದರೆ ಅದೂ ಬೆಣ್ಣೆ ಬಿಡುತ್ತದೆ; ತಿನ್ನಲು ರುಚಿಯಾಗಿಯೇ ಇರುತ್ತದೆ, ಹಾಕಿದ ಪದಾರ್ಥ ಮಾತ್ರ ಅದಲ್ಲ. ದೇವರಿಗೆ ಕೇಳಿದ ಸಾಕ್ಷ್ಯವನ್ನು ನನಗೆ ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಮುಂದಿನ ಭಾನುವಾರ ಕ್ರೇಟು ಹೊತ್ತು ಬಸ್ಸು ಹತ್ತಿದೆ. "ಹಾಲ ಎಲ್ಲಿ ಚೆಲ್ಲಿದ್ರಿ ಸರ?" ಎಂದ ಕಂಡಕ್ಟರ್. ಅಮೀನಗಡದಲ್ಲಿ ಬಸ್ಸು ನಿಂತಾಗ ಇಳಿದು ಕರದಂಟು ಕೊಂಡೆ. ಇಳಕಲ್ಲಿನಲ್ಲಿ ಮಾಮಾ ಆ ಏಳನ್ನು ಹೆಬ್ಬೆರಳಿಂದ ಸವರಿ, "ಗೊತ್ತೈತಿ ಬಿಡು" ಎಂದ.

"ಮತ್ತ ಯಾಕ ಹೇಳಲಿಲ್ಲ?"

"ಫಿಜಿಕ್ಸ್ ಕಲಿಯಾಂವ ಬೆಣ್ಣಿ ತಗದ ಅಂದ್ರ ನಿನಗ ಕನ್ಯಾ ಯಾರ ಕೊಡತಿದ್ರು? ನನಗ ನಕ್ಕರ ಏನಾತು, ನನ್ನ ಮದುವಿ ಆಗಿತ್ತು."

ಆಮೇಲೆ ಕರದಂಟಿನ ಪೊಟ್ಟಣವನ್ನು ಮೂಸಿ ನೋಡಿ, ಅತ್ತೆಗೆ ಬಕೆಟ್ಟು ಎಲ್ಲಿದೆಯೆಂದು ಕೇಳಿದ. ಬರ್ಫ ಈಗ ಮಗ್ಗುಲ ಅಂಗಡಿಯಲ್ಲೇ ಸಿಗುತ್ತದೆ. ಕಟ್ಟೆಯ ಮೇಲೆ ಕ್ರೇಟನ್ನು ಬೋರಲು ಹಾಕಿ ನನ್ನನ್ನು ಕೂಡಿಸಿ, ಹಿಡಿಕೆಯನ್ನು ಕೈಗೆ ಕೊಟ್ಟ. "ತಿರುವು. ಸಾವಕಾಶ ಲೇ, ಸಾವಕಾಶ." ಕಾಲು ಗಂಟೆಯಲ್ಲಿ ತೋಳು ಬಿದ್ದುಹೋಯಿತು. ಮಗ್ಗದ ಮುಂದೆ ನಲವತ್ತು ವರ್ಷ ಕೂತವನ ಲಯ ಯಾವ ಸೂತ್ರದಲ್ಲಿ ಬರುತ್ತದೋ ನನಗೆ ತಿಳಿಯಲಿಲ್ಲ.

ಓಣಿಯಲ್ಲಿ ಹೋಗುತ್ತಿದ್ದ ನೆರೆಯವನು ನಿಂತ. "ಏನ್ರಿ ಬೆಣ್ಣಿ ವಿರುಪಣ್ಣ, ಮತ್ತ ಬೆಣ್ಣಿ ತಗ್ಯಾಕ ಹತ್ತೀರೇನು?"

"ಬೆಣ್ಣಿ ತಗದಾಂವ ನಾನ್ರಿ," ಎಂದೆ, ಓಣಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. "ಲೆಕ್ಕಾ ನಂದು ತಪ್ಪಿತ್ತು. ಇಲ್ಲೇ ನನ್ನ ಕೆಳಗ ಬರದೈತಿ, ಬಂದು ನೋಡ್ರಿ."

ಮಾಮಾ ಬರ್ಫದ ಮೇಲೆ ಒಂದು ಹಿಡಿ ಉಪ್ಪು ಸುರಿದ.

"ಮಾತಾಡು, ಕೈ ನಿಲ್ಲಸಬ್ಯಾಡ."