ಎಲ್ಡನ್ ಸೀಳಿಟ್ಟ ಸೌದೆ

ಕೆಟಲ್ ತೊರೆಯ ಕ್ಯಾಂಪಿಗೆ ಮೇವಿಸ್ ಈ ಸಲ ಒಬ್ಬಳೇ ಬಂದಳು. ಇಪ್ಪತ್ತೆರಡು ಬೇಸಿಗೆ ಗಂಡನ ಜೊತೆ ಬಂದು ಕ್ಯಾಂಪು ನೋಡಿಕೊಂಡವಳು. ಮೇ ತಿಂಗಳ ಕೊನೆಗೆ, ಮರದಡಿಯ ಹಿಮ ಇನ್ನೂ ಕರಗುತ್ತಿರುವಾಗಲೇ, ಟ್ರೇಲರನ್ನು ತಾನೇ ಎಳೆದು ತಂದು ನಿಲ್ಲಿಸಿದಳು. ಡೇರೆ ಹಾಕುವ ಹನ್ನೊಂದು ಜಾಗಗಳನ್ನೂ ಬಾಚಿ, ಎರಡು ಕಕ್ಕಸು ತೊಳೆದು, ಕರಡಿ ಕೈಗೆ ಬಗ್ಗದ ಆ ಕಬ್ಬಿಣದ ಕಸದ ಡಬ್ಬಿಗಳ ಚಿಲಕಕ್ಕೆ ಎಣ್ಣೆ ಬಿಟ್ಟಳು. ಎಲ್ಲ ಹೋದ ವರ್ಷದಂತೆಯೇ.

ಗಂಡ ಎಲ್ಡನ್ ಫೆಬ್ರುವರಿಯಲ್ಲಿ ಮನೆ ಮುಂದೆ ಹಿಮ ಬಾಚುತ್ತ ಬಿದ್ದವನು ಏಳಲಿಲ್ಲ. ನೆಲ ಹೆಪ್ಪುಗಟ್ಟಿ ಕಲ್ಲಾಗಿದ್ದರಿಂದ ಅವನನ್ನು ಮಣ್ಣು ಮಾಡಲು ಮೇ ತನಕ ಕಾಯಬೇಕಾಯಿತು. ಅವತ್ತೂ ಮೇವಿಸ್ ಅಳಲಿಲ್ಲ. ಬಂದವರಿಗೆಲ್ಲ ಕಾಫಿ ಕೊಟ್ಟಳು, ಲೋಟ ತೊಳೆದಳು, ಕುರ್ಚಿ ಮಡಚಿಟ್ಟಳು. ಊರ ಬಾಯಿಗೆ ಬೀಗ ಹಾಕುವವರು ಯಾರು? 'ಎಂಥಾ ಗಟ್ಟಿಗಿತ್ತಿ' ಎಂದವರು ಕೆಲವರು, 'ಕಲ್ಲು ಕಣ್ರೀ, ಕಲ್ಲು' ಎಂದವರು ಹಲವರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಕೈಗವಸು ಮರೆತು ಹೊರಗೆ ಹೋದರೆ ಬೆರಳು ಮರಗಟ್ಟಿ, ಕುಯ್ದರೂ ಗೊತ್ತಾಗುವುದಿಲ್ಲವಲ್ಲ, ಹಾಗಾಗಿತ್ತು ಅವಳಿಗೆ. ಬರೀ ಬೆರಳಿಗಲ್ಲ, ಅಷ್ಟೇ ವ್ಯತ್ಯಾಸ.

ಟ್ರೇಲರಿನ ಪಕ್ಕ ಟಾರ್ಪಾಲಿನ ಕೆಳಗೆ ಒಂದು ಸೌದೆ ರಾಶಿಯಿತ್ತು. ಸೆಪ್ಟೆಂಬರಿನಲ್ಲಿ ಕ್ಯಾಂಪು ಮುಚ್ಚಿ ಹೊರಡುವವರು, ವಸಂತದಲ್ಲಿ ಮೊದಲು ಬರುವವರಿಗಾಗಿ ಸೌದೆ ಸೀಳಿಟ್ಟು ಹೋಗುವುದು ನಮ್ಮ ಕಡೆಯ ರೂಢಿ. ಹೋದ ಸೆಪ್ಟೆಂಬರಿನಲ್ಲಿ ಎಲ್ಡನ್ ಸೀಳಿಟ್ಟಿದ್ದ. ಮೊದಲು ಬಂದವಳು ಇವಳು. ಆದರೆ ಒಂದೇ ಒಂದು ಚಕ್ಕೆ ಮುಟ್ಟಲಿಲ್ಲ.

ಜೂನಿನಲ್ಲಿ ಲಾರಿ ತುಂಬ ಮರದ ಕೊರಡು ತಂದು ಸುರಿದ ವೆಂಡೆಲ್, ಅವಳು ಗ್ಯಾಸಿನ ಮೇಲೆ ಬೀನ್ಸ್ ಬಿಸಿ ಮಾಡುವುದನ್ನು ನೋಡಿ ಕೆಣಕಿದ.

"ಏನಮ್ಮಾ ಮಹಾರಾಣಿ, ಪಕ್ಕದಲ್ಲೇ ಒಣಗಿದ ಸೌದೆ ಇಟ್ಕೊಂಡು ಗ್ಯಾಸ್ ಸುಡ್ತಿದೀಯಲ್ಲ?"

"ಇರ್ಲಿ ಬಿಡು."

"ಯಾವಾಗಿಗೆ ಇರ್ಲಿ? ಮ್ಯೂಸಿಯಮ್ಮಿಗಾ?"

"ಕೊರಡು ಇಳಿಸಿ ಆಯ್ತಾ? ಆಗಿದ್ರೆ ಹೊರಡು."

ವೆಂಡೆಲ್ ಲಾರಿ ಹತ್ತಿ ಹೊರಟ. ಆ ರಾಶಿ ಇರುವ ತನಕ ಎಲ್ಡನ್ನನ ಕೆಲಸ ಪೂರ್ತಿ ಮುಗಿದಿಲ್ಲ ಎಂದು ಅವಳ ಲೆಕ್ಕ. ಇದನ್ನು ವೆಂಡೆಲ್‌ಗೆ ಹೇಳುವುದು ಹೇಗೆ? ಗಾಳಿಗೆ ಹೇಳಿದ ಹಾಗೆ.

ಸೀಳುವವನು ಎಲ್ಡನ್, ಪೇರಿಸುವವಳು ಇವಳು. ಮದುವೆಯಾದ ಹೊಸದರಲ್ಲಿ ಒಮ್ಮೆ ಇವಳೂ ಕೊಡಲಿ ಎತ್ತಿದ್ದಳು. ಸೀಳಿದ್ದನ್ನು ಅವನು ತಿರುಗಿಸಿ ತಿರುಗಿಸಿ ನೋಡಿ, "ಸೀಳಿದ್ದು ನೀನೋ, ಇಲ್ಲಾ ಕರಡಿ ಅಗಿದು ಉಗುಳಿದ್ದೋ?" ಎಂದಿದ್ದ. ಇವಳು ಕೊಡಲಿ ಬಿಸಾಕಿ, "ಹಾಗಿದ್ರೆ ಸಾಯೋ ತನಕ ನೀನೇ ಸೀಳು" ಎಂದಿದ್ದಳು. ಪುಣ್ಯಾತ್ಮ, ಹಾಗೇ ಮಾಡಿದ.

ಜುಲೈ ಮೊದಲ ವಾರ ಮಳೆ ಹಿಡಿಯಿತು. ಐದು ದಿನ ಬಿಡದೆ ಸುರಿಯಿತು. ತೊರೆ ಕೆಂಪಾಗಿ ಉಬ್ಬಿತು, ಕ್ಯಾಂಪಿನಲ್ಲಿದ್ದ ನಾಲ್ಕು ಡೇರೆಯವರೂ ಡೇರೆ ಕಿತ್ತುಕೊಂಡು ಹೋದರು. ನಾಲ್ಕನೇ ದಿನ ಗಾಳಿಗೆ ಟಾರ್ಪಾಲು ಹರಿಯಿತು. ಮೇವಿಸ್ ಒಂಟಿ ಚಕ್ರದ ಗಾಡಿಯಲ್ಲಿ ಎರಡು ಸಲ ಸಾಗಿಸಿ, ಅಷ್ಟೂ ಸೌದೆಯನ್ನು ತೊರೆಯ ಬದಿಯ ತಗಡಿನ ಚಪ್ಪರದೊಳಗೆ, ಒಲೆಯ ಪಕ್ಕದ ಗೋಡೆಗೆ ಪೇರಿಸಿದಳು. ಕ್ಯಾಂಪಿನಲ್ಲಿ ಸೋರದ ಜಾಗ ಅದೊಂದೇ.

ಅಲ್ಲೇ ಎಡವಿದ್ದು. ಚಪ್ಪರದೊಳಗಿನ ಒಣ ಸೌದೆ ನೆನೆದು ಬಂದವರದು. ಯಾರದೆಂದು ಕೇಳಬೇಕಿಲ್ಲ, ಉರಿಸಲು ಅಪ್ಪಣೆಯೂ ಬೇಕಿಲ್ಲ. ಉರಿಸಿದಷ್ಟನ್ನು ಹೊರಡುವ ಮುಂಚೆ ಸೀಳಿಟ್ಟು ಹೋಗಬೇಕು. ಈ ನಿಯಮವನ್ನು ಹಲಗೆಯ ಮೇಲೆ ಬರೆದು ಅದೇ ಚಪ್ಪರದ ಕಂಬಕ್ಕೆ ಮೊಳೆ ಹೊಡೆದವಳು ಮೇವಿಸ್. ಹಲಗೆಯ ಕೆಳಗೇ ಸೌದೆ ಇಟ್ಟು ಬಂದವಳೂ ಅವಳೇ. ಈ ಮಳೆಯಲ್ಲಿ ಯಾರು ಬರುತ್ತಾರೆ ಎಂದುಕೊಂಡಳೋ, ಏನನ್ನೂ ಅಂದುಕೊಳ್ಳಲೇ ಇಲ್ಲವೋ.

ಮಾರನೇ ಮಧ್ಯಾಹ್ನ ಅವಳು ಮೇಲಿನ ಕಕ್ಕಸು ತೊಳೆಯುತ್ತಿದ್ದಾಗ ಹೊಗೆ ಕಂಡಿತು. ಪೊರಕೆ ಅಲ್ಲೇ ಬಿಟ್ಟು ಓಡಿದಳು.

ಚಪ್ಪರದೊಳಗೆ ಇಬ್ಬರು ಹೆಂಗಸರು. ಕೆಳಗಿನ ಹಳ್ಳಿಯ ಮುದುಕಿ ಐವಿ, ಅವಳ ಸೊಸೆ ರೋಂಡಾ. ತೊರೆಗೆ ಅಡ್ಡ ಬಿದ್ದ ಮರಕ್ಕೆ ದೋಣಿ ಬಡಿದು ಮಗುಚಿತ್ತು. ಇಬ್ಬರೂ ಒಳಂಗಿಯಲ್ಲಿ ಒಲೆಗೆ ಅಂಟಿಕೊಂಡು ಕೂತಿದ್ದರು. ಐವಿಯ ತುಟಿ ನೀಲಿಗಟ್ಟಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು. ಒಲೆ ಕೆಂಪಗೆ ಉರಿಯುತ್ತಿತ್ತು. ಗೋಡೆಯ ಬದಿ ಖಾಲಿ.

"ಎರಡು ಗಂಟೆಯಿಂದ ಉರಿಸ್ತಾ ಇದೀನಿ ಕಣ್ರೀ," ಎಂದಳು ರೋಂಡಾ. "ಅತ್ತೆ ಮಾತೇ ಆಡ್ತಿರ್ಲಿಲ್ಲ, ಈಗಷ್ಟೇ ಬೈಯೋಕೆ ಶುರು ಮಾಡಿದಾರೆ."

"ದೋಣಿ ನಡ್ಸೋಕೆ ಬರಲ್ಲ ಅಂದೆ, ಅದು ಬೈಗುಳನಾ?" ಎಂದಳು ಐವಿ, ನಡುಗುತ್ತಲೇ.

ರೋಂಡಾಳ ಕೈಯಲ್ಲಿ ಒಂದು ಚಕ್ಕೆ ಇತ್ತು. "ಇದೇ ಕೊನೇದು. ಹಾಕ್ಲಾ?"

ಮೇವಿಸ್ ಆ ಚಕ್ಕೆಯನ್ನು ನೋಡಿದಳು. ಕೈ ನೀಡಿದ್ದರೆ ಸಿಗುತ್ತಿತ್ತು. ನನಗೆ ಕೊಡು ಎಂದಿದ್ದರೆ ರೋಂಡಾ ಕೊಟ್ಟೇ ಬಿಡುತ್ತಿದ್ದಳು. ಐವಿಯ ಕಾಲ್ಬೆರಳು ಇನ್ನೂ ಸುಣ್ಣದಂತೆ ಬೆಳ್ಳಗಿದ್ದವು.

"ಹಾಕು," ಎಂದಳು.

ಆಮೇಲೆ ಟ್ರೇಲರಿನಿಂದ ಕಂಬಳಿ ತಂದಳು, ಎಲ್ಡನ್ನನ ಉಣ್ಣೆಯ ಕಾಲುಚೀಲ ತಂದಳು, ಟೀ ಕಾಸಿದಳು. ಏನೂ ಅನ್ನಿಸಲಿಲ್ಲ. ನಿಜವಾಗಿ ಏನೂ ಅನ್ನಿಸಲಿಲ್ಲ, ಅದಕ್ಕೇ ಅವಳಿಗೆ ಹೆದರಿಕೆಯಾಯಿತು.

ಮರುದಿನ ಬೆಳಗ್ಗೆ ಮಳೆ ಬಿಟ್ಟಿತು. ರೋಂಡಾ ಕೊಡಲಿ ಹಿಡಿದು, ಹಲಗೆಯಲ್ಲಿ ಬರೆದಂತೆ, ಹೊತ್ತೇರುವ ತನಕ ಸೀಳಿ ಗೋಡೆಯ ಬದಿ ತುಂಬಿಸಿದಳು. ಕರೆಯಲು ಬಂದ ಮಗನ ಪಿಕಪ್ ಹತ್ತುವ ಮೊದಲು ಐವಿ ಮೇವಿಸಳ ಕೈ ಹಿಡಿದುಕೊಂಡಳು.

"ಆ ಸೌದೆ ಯಾರು ಸೀಳಿದ್ದಮ್ಮಾ? ಒಂದೊಂದೂ ಅಳತೆ ಹಿಡಿದ ಹಾಗಿತ್ತು. ಕೈ ಮರಗಟ್ಟಿತ್ತು, ಎರಡೇ ಬೆಂಕಿಕಡ್ಡಿ ಉಳಿದಿತ್ತು ಇವಳ ಹತ್ರ. ಮೊದಲನೇ ಕಡ್ಡಿಗೇ ಹತ್ಕೊಳ್ತು."

"ನಮ್ಮ ಎಲ್ಡನ್."

"ನನ್ನ ಜೀವ ಉಳಿಸ್ದ ಅಂತ ಹೇಳು ಅವನಿಗೆ. ಮರೀಬೇಡ."

ಹಳ್ಳಿಗೆ ಸಾವಿನ ಸುದ್ದಿ ಹೋಗಿರಲಿಲ್ಲ. ಮೇವಿಸ್ ತಿದ್ದಲೂ ಇಲ್ಲ. "ಹೇಳ್ತೀನಿ," ಎಂದಳು.

ಪಿಕಪ್ ತಿರುವಿನಲ್ಲಿ ಮರೆಯಾಯಿತು. ಕ್ಯಾಂಪಿನಲ್ಲಿ ಸೊಳ್ಳೆಯ ಗುಂಯ್, ತೊರೆಯ ಸದ್ದು. ಮೇವಿಸ್ ಒಂದು ಕೊರಡನ್ನು ನಿಲ್ಲಿಸಿ, ಕೊಡಲಿ ಎತ್ತಿ ಹಾಕಿದಳು. ಒಂದು ಏಟು ನೆಲಕ್ಕೆ, ಇನ್ನೊಂದು ಅಂಚಿಗೆ, ಮೂರನೆಯದು ನಡುವೆಲ್ಲೋ ಸಿಕ್ಕಿಕೊಂಡಿತು. ಅಂತೂ ಜಗ್ಗಿ ಬಿಡಿಸಿ ಸೀಳಿದಳು. ಸಿಪ್ಪೆ ಎದ್ದ, ಸೊಟ್ಟ, ಒಂದು ಕಡೆ ದಪ್ಪ ಒಂದು ಕಡೆ ಸಣ್ಣ ತುಂಡು. ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಎಲ್ಡನ್," ಎಂದಳು ಗಟ್ಟಿಯಾಗಿ. "ಐವಿ ಹೇಳು ಅಂದ್ಲು. ನೀನು ಅವಳ ಜೀವ ಉಳಿಸಿದ್ಯಂತೆ."

ತೊರೆ ಹರಿಯುತ್ತಿತ್ತು. ಅವಳು ಆ ಸೊಟ್ಟ ತುಂಡನ್ನು ಮುಂದಕ್ಕೆ ಚಾಚಿದಳು, ಯಾರಿಗೋ ತೋರಿಸುವವಳಂತೆ.

"ಇದು ನಾನೇ ಸೀಳಿದ್ದು. ಬೈಯಿ ನೋಡೋಣ."

ಬೈಯುವವನು ಇರಲಿಲ್ಲ. ಫೆಬ್ರುವರಿಯಿಂದ ಇರಲಿಲ್ಲ. ಮೇವಿಸ್ ಕೊರಡಿನ ಮೇಲೆ ಕೂತು, ತುಂಡನ್ನು ಮಡಿಲಲ್ಲಿಟ್ಟುಕೊಂಡು, ಬಾಯಿಬಿಟ್ಟು ಅತ್ತಳು.