ಒಂದು ಎಲೆ ತಿನ್ನುವಷ್ಟು ಹೊತ್ತು

ನಮ್ಮ ಮನೆಯಲ್ಲಿ ದೇವಿಯ ಮುಂದೆ ಖಾಲಿ ಪಾತ್ರೆ ಇಡುವುದಿಲ್ಲ. ತಂಬಿಗೆ ಇಟ್ಟರೆ ಅದರಲ್ಲಿ ನೀರಿರಬೇಕು, ಬುಟ್ಟಿ ಇಟ್ಟರೆ ಹಿಡಿ ಜೋಳ ಇರಬೇಕು, ಮೊರದಲ್ಲಿ ನಾಲ್ಕು ಕಾಳಾದರೂ ಇರಬೇಕು. ನಾನು ದೋರನಹಳ್ಳಿಯಿಂದ ಸುರಪುರದ ಆಚೆಯ ಈ ಊರಿಗೆ ಸೊಸೆಯಾಗಿ ಬಂದ ಮೊದಲ ವರ್ಷವೇ ಅತ್ತೆ ಇದನ್ನು ಕಲಿಸಿದರು. ಖಾಲಿ ಇಟ್ಟರೆ ತಾಯಿ ಖಾಲಿಯನ್ನೇ ತಿರುಗಿ ಕೊಡುತ್ತಾಳಂತೆ. ಅದನ್ನು ನಾನೂ ನಂಬಿದ್ದೇನೆ. ಮಾವನವರು ಮಾತ್ರ ಈ ಮಾತನ್ನು ಬಂದೂಕಿಗೂ ಹಚ್ಚಿದ್ದರು.

ನಮ್ಮ ಹೊಲ ಗುಡ್ಡದ ಬುಡಕ್ಕಿದೆ. ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಕಾಡಹಂದಿ ಇಳಿಯುತ್ತವೆ. ಒಂದು ರಾತ್ರಿಯಲ್ಲಿ ನೇಗಿಲು ಹೊಡೆದ ಹಾಗೆ ಮಾಡಿ ಹೋಗುತ್ತವೆ. ಬೆಳೆ ಕಾಯಲೆಂದು ಮಾವನವರಿಗೆ ಲೈಸನ್ಸಿನ ಒಂದು ಬಂದೂಕಿತ್ತು. ಹಳೆಯದು, ಒಂದೇ ನಳಿಗೆಯದು. ಸಿನಿಮಾದಲ್ಲಿ ತೋಟಾ ತುರುಕಿ ಹೊಡೆಯುತ್ತಾರಲ್ಲ, ಅಂಥದ್ದಲ್ಲ. ಪ್ರತಿ ಸಲವೂ ಅದರ ಬಾಯಿಂದ ಮದ್ದು ಸುರಿಯಬೇಕು, ಮೇಲೆ ಅರಿವೆಯ ಚಿಂದಿ ತುರುಕಬೇಕು, ಗುಂಡು ಇಳಿಸಬೇಕು, ಮತ್ತೆ ಚಿಂದಿ ಹಾಕಿ ಉದ್ದನೆಯ ಸಲಾಕೆಯಿಂದ ಗಟ್ಟಿಸಬೇಕು. ಕೊನೆಗೆ ಹಿಂದುಗಡೆ ಕಿಡಿ ಹಾರಿಸುವ ಸಣ್ಣ ಕೇಪು ಕೂಡಿಸಬೇಕು. ಅವರು ಹಂದಿ ಕೆಡವಿದ್ದನ್ನು ನಾನು ಕಾಣೆ. ಹೊಲದಂಚಿನ ಮಣ್ಣಿನ ಒಡ್ಡಿಗೆ ಗುರಿಯಿಟ್ಟು ಒಂದು ಸಲ ಹೊಡೆದರೆ ಆ ಸದ್ದಿಗೇ ಹಂದಿಗಳು ಗುಡ್ಡ ಹತ್ತುತ್ತಿದ್ದವು.

ಮದ್ದು ತುಂಬಲು ಕೂತರೆ ಅವರನ್ನು ಯಾರೂ ಮಾತಾಡಿಸಬಾರದು. ಅತ್ತೆ ಹೋಳಿಗೆಗೆ ಹೂರಣ ಕಟ್ಟುವಾಗಿನ ಹಾಗೆ ಅವರ ಬಾಯಿ ಬಿಗಿದುಕೊಂಡಿರುತ್ತಿತ್ತು. ಒಂದು ಹಿತ್ತಾಳೆಯ ಅಳತೆ ಇತ್ತು, ಅದರ ಅಂಚಿಗೆ ಸಮನಾಗಿ ಬೆರಳಿನಿಂದ ಸವರಿ ಸುರಿಯುತ್ತಿದ್ದರು. ಮದ್ದಿನ ಡಬ್ಬಿ ಒಲೆಯಿಂದಲೂ ದೂರ, ಬಚ್ಚಲಿನಿಂದಲೂ ದೂರ, ಬೀಗ ಹಾಕಿದ ಪೆಟ್ಟಿಗೆಯಲ್ಲಿ. ಉಪ್ಪು ಹೇಗೆ ಮೋಡದ ಗಾಳಿಗೇ ನೀರೊಡೆಯುತ್ತದೋ ಮದ್ದೂ ಹಾಗೇ ಎನ್ನುತ್ತಿದ್ದರು. ಸಲಾಕೆಯ ಮೇಲೆ ಅರದಿಂದ ಎರಡು ಗುರುತು ಕೊರೆದು, ಕಾಣಲೆಂದು ಅವಕ್ಕೆ ಕುಂಕುಮ ತುಂಬಿದ್ದರು. ನಳಿಗೆ ಖಾಲಿ ಇದ್ದರೆ ಸಲಾಕೆ ಮೇಲಿನ ಗುರುತಿನ ತನಕ ಇಳಿಯಬೇಕು. ಸರಿಯಾಗಿ ತುಂಬಿದ್ದರೆ ಕೆಳಗಿನ ಗುರುತಿಗೆ ನಿಲ್ಲಬೇಕು. ಈ ಎರಡು ಬಿಟ್ಟು ಬೇರೆ ಎಲ್ಲಿ ನಿಂತರೂ ಒಳಗೆ ಏನೋ ಕೆಟ್ಟಿದೆ ಎಂದು ಅರ್ಥ.

ಅವರಿಗೆ ದೊಡ್ಡ ಸದ್ದಿನ ಭಯ ಇರಲಿಲ್ಲ. ಸಣ್ಣ ಸದ್ದಿನ ಭಯ ಇತ್ತು. ಒಮ್ಮೆ ನನಗೇ ಹೇಳಿದ್ದರು, ನಾನು ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದೆ: "ಜೋರಾಗಿ ಹೊಡದ್ರ ಭುಜಾ ನೋಯತದ, ಅಷ್ಟ ಯವ್ವಾ. ಟುಸ್ ಅಂದ್ರ ಗುಂಡು ಹೊರಗ ಹೋಗಿರಂಗಿಲ್ಲ, ನಡಬರಕ ಕುಂತಿರತದ. ಅದರ ಮ್ಯಾಲ ಇನ್ನೊಂದು ತುಂಬಿ ಹೊಡದಾಂವ ತನ್ನ ಕೈಯಾಗ ತಾನ ಬಾಂಬ್ ಇಟ್ಟಕೊಂಡಂಗ." ಹಾಗಾಗಿ ಟುಸ್ ಎಂದರೆ ಅವರದೊಂದು ರೂಢಿ. ಬಂದೂಕಿನ ಬಾಯಿ ಒಡ್ಡಿನ ಕಡೆಗೇ ಇರಬೇಕು, ಮುಂದೆ ಯಾರೂ ಸುಳಿಯಬಾರದು. ಒಂದು ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಬಾಯಿಗೆ ಹಾಕಿ, ಅಗಿದು, ಉಗುಳುವ ತನಕ ಕಾಯಬೇಕು. ಒಳಗೆ ಕಿಡಿ ಬೂದಿ ಮುಚ್ಚಿಕೊಂಡಿದ್ದರೆ ಅಷ್ಟರಲ್ಲಿ ಆರುತ್ತದೆ. ಆಮೇಲೆ ಸಲಾಕೆ. ಸಲಾಕೆ ಏನು ಹೇಳುತ್ತದೋ ಅದು.

ಇಷ್ಟು ತಿಳಿದವರು ನವರಾತ್ರಿಯ ಘಟಸ್ಥಾಪನೆಯ ದಿನ ಮಾತ್ರ ಬಂದೂಕನ್ನು ತುಂಬಿ ದೇವಿಯ ಮುಂದೆ ಇಡುತ್ತಿದ್ದರು. ಕೇಪು ಕೂಡಿಸುತ್ತಿರಲಿಲ್ಲ, ಅದು ಅವರ ಅಂಗಿಯ ಕಿಸೆಯಲ್ಲಿ ಇರುತ್ತಿತ್ತು. ಆದರೆ ಮದ್ದು, ಗುಂಡು ಒಳಗೇ. ಖಾಲಿ ನಳಿಗೆ ಇಟ್ಟು ತಾಯಿಯಿಂದ ಖಾಲಿ ಹೊಲ ಬೇಡುವುದೇ ಎಂದು ಅವರ ಪ್ರಶ್ನೆ. ಅವರ ಅಪ್ಪನೂ ಹಾಗೇ ಇಡುತ್ತಿದ್ದರಂತೆ. ಒಂಬತ್ತು ದಿನ ಘಟದ ಹತ್ತಿರದ ಯಾವುದನ್ನೂ ಅಲುಗಿಸುವಂತಿಲ್ಲ. ಹತ್ತನೆಯ ದಿನ ಹೊಲದ ಬನ್ನಿಗಿಡಕ್ಕೆ ಪೂಜೆ ಮಾಡಿ, ಅದೇ ಗುಂಡನ್ನು ಒಡ್ಡಿಗೆ ಹೊಡೆದು ಮನೆಗೆ ಬರುವುದು. ಎಷ್ಟೋ ವರ್ಷ ಹಾಗೆ ನಡೆದಿತ್ತು, ಎಂದೂ ತಪ್ಪಿರಲಿಲ್ಲ.

ಆ ವರ್ಷ ತಪ್ಪಿತು. ಬೇಸಿಗೆಯಲ್ಲಿ ನಾವು ದೇವರ ಕೋಣೆಗೆ ಹೊಸದಾಗಿ ಬಂಡೆ ಹಾಸಿ, ಗೋಡೆಗೆ ಸಿಮೆಂಟು ಹೊಡೆಸಿದ್ದೆವು. ಘಟದ ಮೊಳಕೆಗೆ ಇಲಿ ಬರುತ್ತವೆಂದು ಮೇಲಿನ ಬೆಳಕಿಂಡಿಯನ್ನೂ ಮುಚ್ಚಿಸಿದೆವು. ಎಲ್ಲರಿಗೂ ಅದು ಚಂದ ಕಂಡಿತ್ತು. ನವರಾತ್ರಿಗೆ ಪತ್ರಾವಳಿಯಲ್ಲಿ ಕರಿಮಣ್ಣು ಹರವಿ, ಕಾಳು ಬಿತ್ತಿ, ಎರಡು ಹೊತ್ತು ನೀರು ಚಿಮುಕಿಸಿದೆ. ಹೊರಗೆ ಜಿಟಿಜಿಟಿ ಮಳೆ, ಒಳಗೆ ನಂದಾದೀಪ. ನಾಲ್ಕನೆಯ ದಿನಕ್ಕೆ ಆ ಕೋಣೆಯಲ್ಲಿ ಮಳೆ ನಿಂತ ಹೊಲದ ವಾಸನೆ ಬರುತ್ತಿತ್ತು. ಮೊಳಕೆ ಆ ವರ್ಷ ಬಂದ ಹಾಗೆ ಎಂದೂ ಬಂದಿರಲಿಲ್ಲ, ಗೇಣುದ್ದ, ಹಳದಿ ರೇಷ್ಮೆಯ ಹಾಗೆ. ತಾಯಿ ಒಲಿದಳೆಂದು ಅತ್ತೆ ಕೈ ಮುಗಿದು ಕಣ್ಣಿಗೆ ಒತ್ತಿಕೊಂಡರು. ಪಕ್ಕದಲ್ಲೇ ಅರಿಷಿಣದ ಪಟ್ಟೆ ಬಳಿಸಿಕೊಂಡು ಬಂದೂಕು ಒರಗಿತ್ತು.

ಆ ದಸರೆಗೆ ಇನ್ನೊಂದು ಮಾತಿತ್ತು. ಮಾವನವರ ಕಣ್ಣಿಗೆ ಪೊರೆ ಬಂದಿತ್ತು, ಕೈ ಸೋತಿತ್ತು. ಲೈಸನ್ಸಿನಲ್ಲಿ ನಮ್ಮ ಮನೆಯವರ ಹೆಸರನ್ನೂ ಸೇರಿಸಿಯಾಗಿತ್ತು. ಈ ಬಾರಿ ಬನ್ನಿಗಿಡದ ಕೆಳಗೆ ಬಂದೂಕನ್ನು ಮಗನ ಕೈಗೆ ಕೊಡುತ್ತೇನೆ, ಇನ್ನು ಮುಂದೆ ಅವನೇ ತುಂಬಲಿ, ಅವನೇ ಹೊಡೆಯಲಿ ಎಂದು ಅವರೇ ಹೇಳಿದ್ದರು. ನಮ್ಮ ಮನೆಯವರಿಗೆ ಆಗಲೇ ಮೀಸೆಯಲ್ಲಿ ಬಿಳಿ ಕಂಡಿತ್ತು. ಅಪ್ಪ ಎಂದು ತನ್ನನ್ನು ದೊಡ್ಡವನೆಂದು ಎಣಿಸುತ್ತಾನೋ ಎಂದು ಕಾದೂ ಕಾದೂ ಸಾಕಾದ ಮನುಷ್ಯ. ಆ ದಿನ ಬೆಳಿಗ್ಗೆ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿದ್ದರು. ನಾನು ನೋಡಿಯೂ ನೋಡದ ಹಾಗೆ ರೊಟ್ಟಿ ಬಡಿದೆ.

ಹೊಲಕ್ಕೆ ನಮ್ಮವರ ಕಾಕನ ಮಕ್ಕಳೂ ಬಂದಿದ್ದರು. ಅವರಲ್ಲಿ ದೊಡ್ಡವನು ಮೊಬೈಲು ಹಿಡಿದು ನಿಂತಿದ್ದ. ಪೂಜೆ ಆಯಿತು, ಕಾಯಿ ಒಡೆದರು. ಮಾವನವರು ಕಿಸೆಯಿಂದ ಕೇಪು ತೆಗೆದು ಕೊಟ್ಟರು. ನಮ್ಮವರು ಅದನ್ನು ಕೂಡಿಸಿ, ತಾಯಿಯನ್ನು ನೆನೆದು, ಒಡ್ಡಿಗೆ ಗುರಿಯಿಟ್ಟು ಎಳೆದರು.

ಒಲೆಯಲ್ಲಿ ಹಸಿ ಕಟ್ಟಿಗೆ ಚಟ್ ಎನ್ನುತ್ತದಲ್ಲ, ಅಷ್ಟೇ ಸದ್ದು. ನಳಿಗೆಯ ಬಾಯಿಂದ ಒಂದಿಷ್ಟು ಹೊಗೆ ಸೋರಿತು. ಒಡ್ಡಿನಲ್ಲಿ ಮಣ್ಣು ಹಾರಲಿಲ್ಲ.

ಆಮೇಲೆ ಕಾಕನ ಮಗ ಮೊಬೈಲು ಇಳಿಸದೆಯೇ ಅಂದ: "ದೊಡ್ಡಪ್ಪಾ, ಬಂದೂಕಿಗಿ ಕೆಮ್ಮು ಬಂದದ ನೋಡು. ಒಂದೀಟು ಕಷಾಯ ಕುಡಸು."

ಎಲ್ಲರೂ ನಕ್ಕರು. ನನಗೂ ನಗು ಬಂದು ಸೆರಗು ಬಾಯಿಗೆ ಹಿಡಿದೆ. ನಮ್ಮವರ ಮುಖ ನೋಡಿ ನಗು ಹೋಯಿತು. ಅವರು ಆಗಲೇ ಮದ್ದಿನ ಚೀಲಕ್ಕೆ ಕೈ ಹಾಕಿದ್ದರು. ಈಗ ನೋಡ್ರಿ ಎಂದು ಯಾರಿಗೋ ಅಂದು, ಹಿತ್ತಾಳೆಯ ಅಳತೆ ತುಂಬಿ ನಳಿಗೆಯ ಬಾಯಿಗೆ ಒಯ್ಯುವುದಕ್ಕೂ ಮಾವನವರು ಎದ್ದು ಬಂದು ಆ ಕೈ ಹಿಡಿಯುವುದಕ್ಕೂ ಸರಿಹೋಯಿತು. ಮದ್ದೆಲ್ಲ ನೆಲಕ್ಕೆ ಚೆಲ್ಲಿತು.

"ತಡಿ ತಮ್ಮಾ," ಅಂದರು. "ಎಲಿ ತಿನ್ನೂತನ ತಡಿ."

"ಗುಂಡು ಹೋಗ್ಯದ ಅಪ್ಪಾ. ಸಣ್ಣಗ ಹೊಡೀತು, ಅಷ್ಟ."

"ಹೋಗಿಲ್ಲ."

"ಕೊಡೂದು ಕೊಟ್ಟು, ಮಂದಿ ಮುಂದ ಮತ್ತ ಕಸಗೋತೀರೇನು?"

ಮಾವನವರು ಬಂದೂಕನ್ನು ಬಾಯಿ ತಿರುಗಿಸದ ಹಾಗೆ ಮೆಲ್ಲಗೆ ಮಗನ ಕೈಯಿಂದ ಬಿಡಿಸಿ, ಒಡ್ಡಿನ ಕಡೆಗೆ ಮಲಗಿಸಿದರು. ಎಲ್ಲರನ್ನೂ ಹಿಂದೆ ಸರಿಸಿದರು. ಎಲೆ ತೆಗೆದು, ತೊಟ್ಟು ಮುರಿದು, ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಂಡು ಅಗಿಯತೊಡಗಿದರು. ಬನ್ನಿಯ ನೆರಳಿನಲ್ಲಿ ಅಷ್ಟು ಜನ ಒಬ್ಬ ಮುದುಕ ಎಲೆ ತಿನ್ನುವುದನ್ನು ನೋಡುತ್ತ ನಿಂತೆವು. ಅಷ್ಟು ದೊಡ್ಡ ಎಲೆಯನ್ನು ನಾನು ಆಮೇಲೆ ನೋಡಿಲ್ಲ.

ಉಗುಳಿ ಬಂದು, ಹಾರಿದ ಕೇಪನ್ನು ಕಿತ್ತು, ಒಂದು ಬದಿಗೆ ಕೂತು ಸಲಾಕೆ ಇಳಿಸಿದರು. ಸಲಾಕೆ ಅರ್ಧಕ್ಕೇ ನಿಂತಿತು. ಕುಂಕುಮ ತುಂಬಿದ ಎರಡು ಗುರುತೂ ಹೊರಗೇ ಉಳಿದಿದ್ದವು.

ಅವರು ನೋಡು ಎನ್ನಲಿಲ್ಲ. ಎನ್ನಬಹುದಿತ್ತು. ಆದರೆ ನಮ್ಮವರು ಅಷ್ಟರಲ್ಲಿ ಬನ್ನಿ ಎಲೆಯನ್ನೂ ತಗೊಳ್ಳದೆ ಬದುವಿನ ಮೇಲೆ ನಡೆದು ಹೋಗಿದ್ದರು. ಸಲಾಕೆಯನ್ನು ನೋಡಬೇಕಾದವರು ಅವರು, ನೋಡಿದವರು ನಾವು.

ಮನೆಗೆ ಬಂದ ಮೇಲೆ ಮಾವನವರು ಬಿಸಿನೀರು ಕೇಳಿದರು. ಹಂಡೆಯಿಂದ ತಂಬಿಗೆಗೆ ತೋಡಿ ಕೊಟ್ಟೆ. ಕೇಪು ಕೂಡಿಸುವ ಸಣ್ಣ ತೂತಿನಿಂದ ನೀರು ಇಳಿಸಿ, ಒಳಗಿನ ಮದ್ದು ಪೂರ್ತಿ ಸತ್ತ ಮೇಲೆ, ತುದಿಗೆ ಸುರುಳಿ ಇದ್ದ ಇನ್ನೊಂದು ಸಲಾಕೆಯಿಂದ ಚಿಂದಿ ಎಳೆದರು, ಗುಂಡು ಉರುಳಿಸಿದರು. ಕರಿನೀರು ಬಂತು, ಅದರ ಹಿಂದೆ ಸುಡದ ಮದ್ದು ರಾಗಿ ಮುದ್ದೆಯ ಕರಕಲಿನ ಹಾಗೆ. ಗುಂಡನ್ನು ತೊಳೆದು ಅಂಗೈ ಮೇಲೆ ಇಟ್ಟು ನನಗೆ ತೋರಿಸಿದರು.

"ತಪ್ಪು ನಂದು ಯವ್ವಾ," ಅಂದರು. "ದೇವಿ ಮುಂದ ತುಂಬಿ ಇಟ್ಟೆ. ಆಕಿ ನೀರು ಕುಡಿಯೂ ತಾಯಿ, ಮದ್ದಿಗಿ ನೀರು ಆಗಂಗಿಲ್ಲ. ಇಷ್ಟು ತಿಳೀಲಿಲ್ಲ. ಆದ್ರೂ ಅವನ ಕೈ, ಕಣ್ಣು ಉಳಿಸ್ಯಾಳ. ಅವಂಗ ಹೇಳು."

"ನೀವ ಹೇಳ್ರಿ, ಮಾವಾರ."

"ನಾ ಹೇಳಿದ್ರ ಮತ್ತ ಬುದ್ಧಿ ಹೇಳಿದಂಗ ಆಗತದ."

ನಾನು ಹೇಳಿದೆ. ಊಟಕ್ಕೆ ಬಡಿಸುವಾಗ ಇದ್ದದ್ದು ಇದ್ದ ಹಾಗೆ ಹೇಳಿದೆ: ಗುಂಡು ಒಳಗೇ ಇತ್ತು, ಮೇಲೆ ಇನ್ನೊಂದು ತುಂಬಿದ್ದರೆ ನಳಿಗೆ ಒಡೆಯುತ್ತಿತ್ತು, ತಪ್ಪು ತನ್ನದೆಂದು ಮಾವನವರೇ ಅಂದಿದ್ದಾರೆ. ನಮ್ಮವರು ರೊಟ್ಟಿ ಮುರಿಯುತ್ತ ಕೇಳಿದರು. "ಹೌದು, ತುಂಬಿದ್ದು ಅವರು," ಅಂದರು. "ಸಣ್ಣಾಂವ ಆದದ್ದು ನಾನು." ಆ ಮಾತಿನಲ್ಲಿ ಸುಳ್ಳಿರಲಿಲ್ಲ. ನಾನು ಇನ್ನೊಂದು ರೊಟ್ಟಿ ಹಾಕಿದೆ. ಕಾಕನ ಮಗ ಅಷ್ಟರಲ್ಲಿ ಆ ವೀಡಿಯೋವನ್ನು ಮನೆತನದ ಗ್ರೂಪಿಗೆ ಹಾಕಿದ್ದ. ಟುಸ್ ಎಂದದ್ದು, ಅಪ್ಪ ಮಗನ ಕೈ ಹಿಡಿದದ್ದು, ಇಷ್ಟೇ ಅದರಲ್ಲಿತ್ತು. ಎಲೆ ತಿಂದದ್ದು ಇರಲಿಲ್ಲ, ಸಲಾಕೆ ಅರ್ಧಕ್ಕೆ ನಿಂತದ್ದೂ ಇರಲಿಲ್ಲ.

ಮರುವರ್ಷ ಮಾವನವರು ಬಂದೂಕನ್ನು ಖಾಲಿಯಾಗಿಯೇ ದೇವಿಯ ಮುಂದೆ ಇಟ್ಟರು. ಖಾಲಿ ಕಾಣಬಾರದೆಂದು ಪಕ್ಕದಲ್ಲಿ ಒಂದು ಬಟ್ಟಲು ಜೋಳ ಇಟ್ಟರು. ಬೆಳಕಿಂಡಿಯನ್ನು ಮತ್ತೆ ತೆರೆಸಿದರು. ಹತ್ತನೆಯ ದಿನ ಮದ್ದನ್ನು ಹೊಲಕ್ಕೇ ಒಯ್ದು, ಬಿಸಿಲಲ್ಲಿ ಕೂತು ಅಳತೆ, ಚಿಂದಿ, ಗುಂಡು ಎಲ್ಲ ಸಾಲಾಗಿ ಜೋಡಿಸಿಟ್ಟರು. ಮಗ ಬಂದು ಪಕ್ಕದಲ್ಲಿ ಕೂತಾನೆಂದು ಕಾದರು. ನಮ್ಮವರು ಎತ್ತಿಗೆ ನೀರು ಕುಡಿಸಿದರು, ಬನ್ನಿ ಸುತ್ತಿದರು, ಆದರೆ ಆ ಕಡೆ ಬರಲಿಲ್ಲ. ಕರೆದಿದ್ದರೆ ಬರುತ್ತಿದ್ದರೋ ಏನೋ. ಮಾವನವರು ಕರೆಯಲಿಲ್ಲ. ಬಿಸಿಲು ಇಳಿದ ಮೇಲೆ ಎಲ್ಲವನ್ನೂ ಮತ್ತೆ ಕಟ್ಟಿಟ್ಟರು. ಲೈಸನ್ಸಿನ ಮುದ್ದತ್ತು ತೀರಿದಾಗ ಸುರಪುರಕ್ಕೆ ಹೋಗಿ ಬಂದೂಕನ್ನು ಠಾಣೆಗೆ ಒಪ್ಪಿಸಿ ಬಂದರು. ಸಲಾಕೆಯನ್ನೂ ಕೊಟ್ಟಿರಾ ಎಂದು ಕೇಳಿದೆ. ಅದು ಬಂದೂಕಿನ ಜೊತೆಗೇ ಇರಬೇಕಲ್ಲ ಯವ್ವಾ ಎಂದರು. ಆ ಚಳಿಗಾಲ ದಾಟಲಿಲ್ಲ ಅವರು. ಕೊನೆಗೆ ಅಪ್ಪ ಮಗ ಮಾತಾಡಿದ್ದು ಔಷಧದ ಬಗ್ಗೆ, ಹಂಡೆಯ ನೀರಿನ ಬಗ್ಗೆ, ಹತ್ತಿಯ ಬಗ್ಗೆ. ಆ ದಿನದ ಬಗ್ಗೆ ಎಂದೂ ಇಲ್ಲ.

ನಾನು ತಾಯಿಯ ಮುಂದೆ ಕೂತಾಗ ಸಣ್ಣ ಸಣ್ಣ ಉಪಕಾರಗಳನ್ನು ಎಣಿಸಿಕೊಳ್ಳುತ್ತೇನೆ. ನಮ್ಮವರು ಎರಡು ಕೈಯಿಂದ ರೊಟ್ಟಿ ಮುರಿಯುತ್ತಾರೆ. ಸೂಜಿಗೆ ನನಗಿಂತ ಮೊದಲು ದಾರ ಪೋಣಿಸುತ್ತಾರೆ. ಮಗಳ ಜಡೆಗೆ ರಿಬ್ಬನ್ ಕಟ್ಟುತ್ತಾರೆ, ಸೊಟ್ಟಗೆ. ಇವೆಲ್ಲ ಒಂದು ಎಲೆ ತಿನ್ನುವಷ್ಟು ಹೊತ್ತಿನಲ್ಲಿ ಉಳಿದವು. ಆದರೂ ಎಣಿಸುವಾಗ ಅಪ್ಪ ಮಗ ಆಡದೇ ಉಳಿದ ಮಾತಿನ ಹತ್ತಿರ ಬೆರಳು ನಿಂತುಬಿಡುತ್ತದೆ.

ಹೋದ ದೀಪಾವಳಿಗೆ ಅಂಗಳದಲ್ಲಿ ಮಗಳು ಪಟಾಕಿ ಹಚ್ಚಿದಳು. ಬತ್ತಿ ಸುರ್ ಎಂದು ಉರಿದು, ಪಟಾಕಿ ಟುಸ್ ಎಂದು ಸುಮ್ಮನಾಯಿತು. ಇನ್ನೊಮ್ಮೆ ಹಚ್ಚಲು ಊದಿನಕಡ್ಡಿ ಹಿಡಿದು ಬಗ್ಗಿದಳು. ನಾನು ಕೂಗುವ ಮೊದಲೇ ಕಟ್ಟೆಯಿಂದ ನಮ್ಮವರು ಹಾರಿ ಬಂದು ಅವಳ ಕೈ ಹಿಡಿದರು. ಊದಿನಕಡ್ಡಿ ನೆಲಕ್ಕೆ ಬಿತ್ತು.

"ತಡಿ ಯವ್ವಾ," ಅಂದರು. "ಎಲಿ ತಿನ್ನೂತನ ತಡಿ."

ಮಗಳು ಮುಖ ಊದಿಸಿಕೊಂಡಳು, ಗೆಳತಿಯರು ನೋಡುತ್ತಿದ್ದರು. ನಮ್ಮವರು ಅವಳ ಕೈ ಬಿಡಲಿಲ್ಲ. ಬಿಡದೆಯೇ ಅವಳ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಯಾಕೆ ಕಾಯಬೇಕು, ಒಳಗೆ ಕಿಡಿ ಹೇಗೆ ಬೂದಿ ಮುಚ್ಚಿಕೊಂಡು ಮಲಗಿರುತ್ತದೆ ಎಂದು ಮೆಲ್ಲಗೆ ಹೇಳತೊಡಗಿದರು. ಒಂದು ತಂಬಿಗೆ ನೀರು ತಾ ಎಂದು ನನಗೆ ಅಂದರು. ಪಟಾಕಿಯ ಮೇಲೆ ಮಗಳ ಕೈಯಿಂದಲೇ ನೀರು ಹುಯ್ಯಿಸಿದರು.

ಕಟ್ಟೆಯ ಮೇಲೆ ಮಾವನವರು ಕೂರುತ್ತಿದ್ದ ಜಾಗದಲ್ಲಿ ಹಣತೆ ಇಟ್ಟಿದ್ದೆ. ಗಾಳಿಗೆ ಆರುವ ಹಾಗಿತ್ತು. ಹೋಗಿ ಎಣ್ಣೆ ಹಾಕಿ ಬತ್ತಿ ಮುಂದೆ ಮಾಡಿದೆ. ನಮ್ಮವರು ತಲೆ ಎತ್ತಿ ಆ ಕಡೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಖಾಲಿ ತಂಬಿಗೆಯನ್ನು ತಿರುಗಿ ನನ್ನ ಕೈಗೆ ಕೊಟ್ಟರು.